ನಾವಿಕರ ನಾಡಿನಿಂದ ಒಲಿಂಪಿಕ್ಸ್‌ಗೆ

ಮಹಿಳೆಯರ 200 ಮೀಟರ್ ಕಯಾಕ್ ಸ್ಪರ್ಧೆಯನ್ನು ನೀವು ನೋಡಿದ್ದೀರಾ? ಸುಮಾರು 40 ಸೆಕೆಂಡುಗಳಲ್ಲಿ ಎಲ್ಲವೂ ಮುಗಿದುಹೋಗುತ್ತದೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸೇರಿದ ಈ ಸ್ಪರ್ಧೆಯನ್ನು ಟೋಕಿಯೊ ಕೂಟದ ಬಳಿಕ ಕೈಬಿಡಲಾಯಿತು. ಆ ಅವಧಿಯಲ್ಲಿ ಪೆಸಿಫಿಕ್ ಸಾಗರದ ಪುಟ್ಟ ದೇಶ ಸಮೋವಾದ ಪರವಾಗಿ ಆನ್ ಕೇರ್ನ್ಸ್ ಎರಡು ಒಲಿಂಪಿಕ್ಸ್‌ಗಳಲ್ಲಿ ಹುಟ್ಟು ಹಾಕಿದರು: 2016ರಲ್ಲಿ ರಿಯೊದಲ್ಲಿ, 2021ರಲ್ಲಿ ಟೋಕಿಯೊದಲ್ಲಿ. ಎರಡೂ ಕಡೆ 200 ಮತ್ತು 500 ಮೀಟರ್‌ಗಳಿಗೆ ಇಳಿದರು, ಫೈನಲ್ ತಲುಪಲಿಲ್ಲ.

ಹಾಗಾದರೆ ಅವರ ಕಥೆ ನಮಗೇಕೆ? ಸಮೋವಾ ಎಂದರೆ ದೋಣಿಯ ನಾಡು. 1768ರಲ್ಲಿ ಅಲ್ಲಿಗೆ ಬಂದ ಫ್ರೆಂಚ್ ನಾವಿಕ ಬೂಗನ್‌ವಿಲ್, ದ್ವೀಪದವರು ದೋಣಿ ನಡೆಸುವ ಚಾತುರ್ಯ ಕಂಡು ಆ ದ್ವೀಪಗಳಿಗೆ ‘ನಾವಿಕರ ದ್ವೀಪಗಳು’ ಎಂದೇ ಹೆಸರಿಟ್ಟ. ಅವರ ದೋಣಿಯನ್ನು ಸ್ವಲ್ಪ ಗಮನಿಸಿ. ಕೊರೆದ ಮರದ ಕಿರಿದಾದ ಒಡಲು. ಅದರ ಒಂದು ಪಕ್ಕಕ್ಕೆ, ತುಸು ದೂರದಲ್ಲಿ, ಅಡ್ಡಗೋಲುಗಳಿಂದ ಬಿಗಿದ ತೇಲುವ ಮರದ ತುಂಡು. ಒಡಲು ಕಿರಿದಾದಷ್ಟೂ ನೀರಿನ ತಡೆ ಕಡಿಮೆ, ಆದರೆ ಮಗುಚುವ ಭಯ ಹೆಚ್ಚು. ಆ ಭಯವನ್ನು ಪಕ್ಕದ ತುಂಡು ನಿವಾರಿಸುತ್ತದೆ. ಭೌತಶಾಸ್ತ್ರದ ತರಗತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗಂತೂ ಹೊಳೆಯುವುದಿಲ್ಲ.

ಒಲಿಂಪಿಕ್ಸ್‌ನಲ್ಲಿ ಈ ದೋಣಿಗೆ ಜಾಗವಿಲ್ಲ! ಅಲ್ಲಿರುವ ಕಯಾಕ್ ಉತ್ತರಧ್ರುವ ಪ್ರದೇಶದ ಬೇಟೆಗಾರರದು. ಕೆನು ಉತ್ತರ ಅಮೆರಿಕದ ಮೂಲನಿವಾಸಿಗಳದು. 1860ರ ದಶಕದಲ್ಲಿ ಜಾನ್ ಮ್ಯಾಕ್‌ಗ್ರೆಗರ್ ಎಂಬ ವಕೀಲ ಕಯಾಕ್ ಮಾದರಿಯ ದೋಣಿಯಲ್ಲಿ ಯುರೋಪಿನ ನದಿಗಳನ್ನು ಸುತ್ತಿ ಪುಸ್ತಕ ಬರೆದ. ಹವ್ಯಾಸ ಹಬ್ಬಿತು, ಕ್ಲಬ್ಬುಗಳು ಹುಟ್ಟಿದವು, 1936ರ ಬರ್ಲಿನ್ ಕೂಟದಲ್ಲಿ ಪದಕಗಳೂ ಬಂದವು. ನಿಯಮ ಬರೆದವರಿಗೆ ಪರಿಚಯವಿದ್ದ ದೋಣಿಗಳೇ ವಿಶ್ವದ ಸ್ಪರ್ಧೆಯ ದೋಣಿಗಳಾದವು. ಹೀಗಾಗಿ ನಾವಿಕರ ನಾಡಿನ ಪ್ರತಿನಿಧಿ ಹಿಮದ ನಾಡಿನ ದೋಣಿಯಲ್ಲಿ ಕುಳಿತು, ಪಕ್ಕದ ಆಸರೆಯಿಲ್ಲದೆ, ಬರೀ ಸೊಂಟದ ಹತೋಟಿಯಿಂದ ಸಮತೋಲ ಕಾಯಬೇಕು.

ಟೋಕಿಯೊಗೆ ಹೋಗುವುದೂ ಸುಲಭವಿರಲಿಲ್ಲ. ಕೋವಿಡ್ ಭೀತಿಯಿಂದ ಸಮೋವಾ ಸರ್ಕಾರ ತಾಯ್ನಾಡಿನಲ್ಲಿದ್ದ ಭಾರ ಎತ್ತುವ ಸ್ಪರ್ಧಿಗಳನ್ನು ಕಳುಹಿಸಲಿಲ್ಲ. ವಿದೇಶಗಳಲ್ಲಿ ನೆಲೆಸಿದವರಷ್ಟೇ ದೇಶದ ಬಾವುಟದಡಿ ಸ್ಪರ್ಧಿಸಿದರು. ನ್ಯೂಜಿಲೆಂಡ್‌ನಲ್ಲಿದ್ದ ಕೇರ್ನ್ಸ್ ಅವರಲ್ಲೊಬ್ಬರು. ಆ ಸಲ 200 ಮತ್ತು 500 ಮೀಟರ್ ಎರಡರ ಚಿನ್ನವನ್ನೂ ಗೆದ್ದ ನ್ಯೂಜಿಲೆಂಡ್‌ನ ಲೀಸಾ ಕ್ಯಾರಿಂಗ್ಟನ್ ಮಾವೊರಿ ಮೂಲದವರು. ಮಾವೊರಿಗಳ ಪೂರ್ವಿಕರೂ ಸಾಗರ ದಾಟಿ ಬಂದದ್ದು ದೋಣಿಗಳಲ್ಲೇ.

ಅದೇ ವರ್ಷ ಸೆಪ್ಟೆಂಬರಿನಲ್ಲಿ, ಅದೇ ಜಲಪಥದಲ್ಲಿ ಅಂಗವಿಕಲರ ಪ್ಯಾರಾಲಿಂಪಿಕ್ಸ್ ಸ್ಪರ್ಧೆಗಳು ನಡೆದವು. ಅಲ್ಲಿ ಹೊಸದಾಗಿ ಸೇರಿದ್ದ ದೋಣಿಯ ಹೆಸರು ‘ವಾಅ’. ಪೆಸಿಫಿಕ್ ದ್ವೀಪಗಳ ಭಾಷೆಗಳಲ್ಲಿ ದೋಣಿಗೆ ಹೇಳುವ ಮಾತೇ ಅದು. ಒಡಲ ಪಕ್ಕದಲ್ಲಿ ಆ ತೇಲುವ ತುಂಡೂ ಇತ್ತು.