ಬಾಗುವ ಪವರ್ ಸ್ಟ್ರಿಪ್

ಗೋಡೆಯ ಒಂದೇ ಸಾಕೆಟ್ಟಿನಿಂದ ಹಲವು ಉಪಕರಣಗಳಿಗೆ ಕರೆಂಟು ಹಂಚುವ ಪವರ್ ಸ್ಟ್ರಿಪ್ಪಿನಲ್ಲಿ ಇದೊಂದು ಬಗೆ. ದಪ್ಪ ಅಡಾಪ್ಟರುಗಳು ಒಂದಕ್ಕೊಂದು ತಾಗದಂತೆ ಇದರ ಸಾಕೆಟ್ಟುಗಳನ್ನು ಅತ್ತಿತ್ತ ತಿರುಗಿಸಬಹುದು.

ಆಸ್ಟ್ರೇಲಿಯಾದ ಕ್ಯಾಂಬ್ರೂಕ್ ಕಂಪನಿ 1972ರಲ್ಲಿ ಪವರ್ ಬೋರ್ಡನ್ನು, ಅಂದರೆ ಬಾಗದ ಸಾದಾ ಪವರ್ ಸ್ಟ್ರಿಪ್ಪನ್ನು, ಮಾರುಕಟ್ಟೆಗೆ ತಂದಿತು. ಒಡೆಯ ಫ್ರಾಂಕ್ ಬ್ಯಾನಿಗನ್ ಪೇಟೆಂಟ್ ಮಾಡಿಸಲಿಲ್ಲ. ಲಾಭ ಊರೆಲ್ಲ ಹಂಚಿಹೋಯಿತು. ಆಗಿನ ಲೆಕ್ಕಾಚಾರ ಸಣ್ಣ ಪ್ಲಗ್ಗಿನದು. ಪ್ಲಗ್ಗಿನೊಳಗೇ ಟ್ರಾನ್ಸ್‌ಫಾರ್ಮರ್ ಕೂರಿಸಿದ ಅಡಾಪ್ಟರುಗಳು ಮನೆ ತುಂಬಿದಾಗ ಒಂದು ಅಡಾಪ್ಟರ್ ಪಕ್ಕದ ಸಾಕೆಟ್ಟನ್ನೂ ನುಂಗತೊಡಗಿತು. ಅಮೆರಿಕದ ವಿನ್ಯಾಸ ವಿದ್ಯಾರ್ಥಿ ಜೇಕ್ ಜೀನ್ ಇದಕ್ಕೆ ಸೂಚಿಸಿದ ಉಪಾಯವನ್ನು ಕ್ವಿರ್ಕಿ ಕಂಪನಿ 2011ರಲ್ಲಿ 'ಪಿವಟ್ ಪವರ್' ಎಂಬ ಹೆಸರಲ್ಲಿ ಮಾರಾಟಕ್ಕಿಟ್ಟಿತು. ಕೀಲಿನಿಂದ ಜೋಡಿಸಿದ ಆರು ಸಾಕೆಟ್ಟುಗಳ ಈ ಸ್ಟ್ರಿಪ್ಪನ್ನು ಮೇಜಿನ ಕಾಲಿನ ಸುತ್ತ ಬಳೆಯಂತೆ ಬಾಗಿಸಬಹುದಿತ್ತು. ಸರಕು ಗೆದ್ದಿತು, ಕಂಪನಿ 2015ರಲ್ಲಿ ದಿವಾಳಿಯಾಯಿತು.

ಚಿಕ್ಕಬಳ್ಳಾಪುರ ಸೀಮೆಯಲ್ಲಿ ಕಥೆ ಬೇರೆ. ಈ ಸೀಮೆಯೂ ಸೇರಿದ್ದ ಅವಿಭಜಿತ ಕೋಲಾರ ಜಿಲ್ಲೆಗೆ 1902ರಲ್ಲೇ ಶಿವನಸಮುದ್ರದ ವಿದ್ಯುತ್ ಬಂತು, ಆದರೆ ಚಿನ್ನದ ಗಣಿಗೆ. ಮನೆಗಳಿಗೆ ಅದು ತಲುಪಿದ್ದು ಬಹಳ ತಡವಾಗಿ. ಬಲ್ಬು, ಫ್ಯಾನು, ರೇಡಿಯೋಗೆಂದು ವೈರಿಂಗ್ ಮಾಡಿಸಿದ ಹಳೆಯ ಕೋಣೆಗೆ ಒಂದೋ ಎರಡೋ ಪಾಯಿಂಟು. ಇಂದು ಅದರಲ್ಲೇ ವೈಫೈ ರೌಟರು, ಸೆಟ್‌ಟಾಪ್ ಬಾಕ್ಸು, ಫೋನ್ ಚಾರ್ಜರು ನಡೆಯಬೇಕು. ರೇಷ್ಮೆಗೂಡಿನ ಹರಾಜೂ ಮೊಬೈಲಿಗೆ ಬಂದಿರುವ ಇದೇ ಸೀಮೆಯ ಶಿಡ್ಲಘಟ್ಟದಲ್ಲಿ ಚಾರ್ಜು ಖಾಲಿಯಾದರೆ ವ್ಯಾಪಾರಕ್ಕೇ ಪೆಟ್ಟು.

ಇದಕ್ಕೆ ವೈರ್‌ಮನ್ನರ ಉತ್ತರ ಹೇಳಿ ಮಾಡಿಸಿದ ಎಕ್ಸ್‌ಟೆನ್ಷನ್ ಬೋರ್ಡು. ಪೆಟ್ಟಿಗೆಯ ಮೇಲಿನ ಹಲಗೆಗೆ ಸಾಕೆಟ್ಟಿನ ಅಳತೆಗೆ ಕಿಂಡಿ ಕೊರೆದು, ಸ್ವಿಚ್ಚು, ಕೆಂಪು ಇಂಡಿಕೇಟರ್ ಕೂರಿಸಿ, ಹಿಂದೆ ವೈರು ಲೂಪ್ ಮಾಡಿ, ಮೂರೆಳೆಯ ಕೇಬಲ್ ಹೊರಗೆಳೆದರೆ ಮುಗಿಯಿತು. ಅಡಾಪ್ಟರ್ ದಪ್ಪಗಿದ್ದರೆ ಸಾಕೆಟ್ಟುಗಳ ನಡುವೆ ಜಾಗ ಬಿಡುತ್ತಾರೆ. ಕೀಲಿಲ್ಲದಿದ್ದರೂ ಕೆಲಸ ಅದೇ. ಕೆಟ್ಟರೆ ಒಂದು ಸಾಕೆಟ್ಟನ್ನಷ್ಟೇ ಬದಲಿಸಬಹುದು. ಬ್ರಿಟನ್ನಿನ 1934ರ ಮಾನದಂಡದಿಂದ ಬಂದ ನಮ್ಮ ದುಂಡು ಪಿನ್ನಿಗೆ, ಅಮೆರಿಕದ ಚಪ್ಪಟೆ ಪಿನ್ನಿಗೆಂದು ಮಾಡಿದ ಸ್ಟ್ರಿಪ್ಪಿಗಿಂತ ಇದೇ ಮೇಲು.

ಬಾಗಿದರೂ ತಿರುಗಿದರೂ ಸ್ಟ್ರಿಪ್ಪಿನ ತಾಕತ್ತು ಹೆಚ್ಚುವುದಿಲ್ಲ. 230 ವೋಲ್ಟಿನಲ್ಲಿ 6 ಆಂಪಿಯರ್ ಸಾಕೆಟ್ಟಿನ ಮಿತಿ ಸುಮಾರು 1,380 ವ್ಯಾಟ್. ರೌಟರು, ಚಾರ್ಜರುಗಳಿಗೆ ಅದು ಧಾರಾಳ. 2,000 ವ್ಯಾಟಿನ ಗೀಸರನ್ನು ಮಾತ್ರ ಗೋಡೆಯ 16 ಆಂಪಿಯರ್ ಸಾಕೆಟ್ಟಿಗೇ ಹಾಕಬೇಕು.