ಸಜಾತಿ ಪದಗಳು: ಒಂದು ಹಳೆಯ ನಿಯಮದ ಚರಿತ್ರೆ

ಮೂರು ಎಕ್ಸ್‌ಗೆ ಎರಡು ವೈ ಕೂಡಿಸಿದರೆ ಐದು ಎಕ್ಸ್‌ವೈ ಏಕಾಗಬಾರದು? ನಾನು ಗಣಿತ ಬೋಧಿಸಿದ ವರ್ಷಗಳಲ್ಲೆಲ್ಲ ಮಕ್ಕಳು ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳದಿದ್ದರೂ ಉತ್ತರಪತ್ರಿಕೆಯಲ್ಲಿ ಬರೆದು ಕೇಳುತ್ತಿದ್ದರು. ‘ಸಜಾತಿ ಪದಗಳನ್ನು ಮಾತ್ರ ಕೂಡಿಸಬೇಕು’ ಎಂಬ ನಿಯಮ ಅವರಿಗೆ ಕಂಠಪಾಠವಾಗಿರುತ್ತಿತ್ತು. ಆದರೆ ಅದು ಯಾರೋ ವಿಧಿಸಿದ ಕಟ್ಟಳೆ ಎಂಬುದೇ ಅವರ ಭಾವನೆ. ಬೀಜಗಣಿತಕ್ಕೂ ತಮಗೂ ಆಗಿಬರದೆಂದು ಹಲವರು ತೀರ್ಮಾನಿಸಿದ್ದು ಈ ಮೊದಲ ಮೆಟ್ಟಿಲಲ್ಲೇ. ಆ ನಿಯಮದ ಹುಟ್ಟನ್ನು ತಿಳಿದರೆ ಅದು ಕಟ್ಟಳೆಯಲ್ಲ, ವಿವೇಕ ಎಂಬುದು ಮನದಟ್ಟಾಗುತ್ತದೆ.

ಬ್ರಹ್ಮಗುಪ್ತನು ಕ್ರಿ.ಶ. 628ರಲ್ಲಿ ರಚಿಸಿದ ‘ಬ್ರಾಹ್ಮಸ್ಫುಟಸಿದ್ಧಾಂತ’ದ ಹದಿನೆಂಟನೆಯ ಅಧ್ಯಾಯದಲ್ಲಿ ಈ ನಿಯಮ ಸ್ಪಷ್ಟವಾಗಿಯೇ ಇದೆ. ಅವ್ಯಕ್ತ ರಾಶಿ, ಅದರ ವರ್ಗ, ಘನ ಮೊದಲಾದವುಗಳಲ್ಲಿ ಸಮಾನವಾದವುಗಳನ್ನು ಕೂಡಬಹುದು, ಕಳೆಯಬಹುದು. ಅಸಮಾನವಾದವುಗಳನ್ನು ಬೇರೆಬೇರೆಯಾಗಿಯೇ ಇರಿಸಬೇಕು ಎಂಬುದು ಅದರ ತಾತ್ಪರ್ಯ. ಐದು ಶತಮಾನಗಳ ಬಳಿಕ, 1150ರಲ್ಲಿ, ಭಾಸ್ಕರಾಚಾರ್ಯನು ತನ್ನ ‘ಬೀಜಗಣಿತ’ದಲ್ಲಿ ಇದನ್ನೇ ಹೇಳುವಾಗ ‘ಸಮಾನಜಾತಿ’ ಎಂಬ ಮಾತನ್ನು ಬಳಸಿದನು. ನಮ್ಮ ಕನ್ನಡ ಪಠ್ಯಪುಸ್ತಕದ ‘ಸಜಾತಿ’ಯಲ್ಲಿರುವುದೂ ಅದೇ ಜಾತಿಶಬ್ದ.

ಭಾಸ್ಕರನಿಗೆ ಎಕ್ಸ್, ವೈಗಳಿರಲಿಲ್ಲ. ಮೊದಲ ಅವ್ಯಕ್ತಕ್ಕೆ ‘ಯಾವತ್ತಾವತ್’, ಅನಂತರದವುಗಳಿಗೆ ಕಾಲಕ, ನೀಲಕ, ಪೀತಕ, ಲೋಹಿತಕ ಎಂದು ಬಣ್ಣಗಳ ಹೆಸರು. ಬರೆಯುವಾಗ ಮೊದಲ ಅಕ್ಷರ ಮಾತ್ರ: ಯಾ, ಕಾ, ನೀ. ಗೊತ್ತಿರುವ ಸಂಖ್ಯೆ ‘ರೂಪ’, ಅದಕ್ಕೆ ‘ರೂ’. ಋಣಸಂಖ್ಯೆಯ ನೆತ್ತಿಯ ಮೇಲೊಂದು ಚುಕ್ಕೆ.

ಅವನ ಒಂದು ಲೆಕ್ಕವನ್ನು ನೋಡೋಣ. ಒಬ್ಬನ ಬಳಿ ಆರು ಕುದುರೆಗಳೂ 300 ರೂಪಗಳೂ ಇವೆ. ಇನ್ನೊಬ್ಬನಿಗೆ ಹತ್ತು ಕುದುರೆಗಳಿವೆ, ಆದರೆ 100 ರೂಪ ಸಾಲ. ಕುದುರೆಗಳೆಲ್ಲಕ್ಕೂ ಒಂದೇ ಬೆಲೆ, ಇಬ್ಬರ ಸಂಪತ್ತೂ ಸಮ. ಹಾಗಾದರೆ ಒಂದು ಕುದುರೆಯ ಬೆಲೆ ಎಷ್ಟು? ಇದನ್ನು ಹೀಗೆ ಒಂದರ ಕೆಳಗೊಂದು ಬರೆಯುತ್ತಿದ್ದರು:

ಯಾ 6 ರೂ 300
ಯಾ 10 ರೂ 100 (ಈ ನೂರರ ಮೇಲೆ ಚುಕ್ಕೆ)

‘ಯಾ’ದ ಕೆಳಗೆ ‘ಯಾ’, ‘ರೂ’ವಿನ ಕೆಳಗೆ ‘ರೂ’. ಬರೆಯುವ ಕ್ರಮದಲ್ಲಿಯೇ ನಿಯಮ ಅಡಗಿದೆ. ಹತ್ತರಲ್ಲಿ ಆರು ಕಳೆದರೆ ನಾಲ್ಕು ಕುದುರೆ. ಮುನ್ನೂರರಲ್ಲಿ ಋಣ ನೂರನ್ನು ಕಳೆದರೆ ನಾನೂರು ರೂಪ. ಆದ್ದರಿಂದ ಕುದುರೆಯ ಬೆಲೆ 100. ಆರು ಕುದುರೆಗೆ ಮುನ್ನೂರನ್ನು ಸೇರಿಸಿ ‘ಮುನ್ನೂರ ಆರು’ ಎಂದಿದ್ದರೆ ಅದು ಕುದುರೆಯೂ ಅಲ್ಲ, ಹಣವೂ ಅಲ್ಲ. ಬೆಲೆ ಎಂದಿಗೂ ಸಿಕ್ಕುತ್ತಿರಲಿಲ್ಲ.

ಇನ್ನು ಆ ಐದು ಎಕ್ಸ್‌ವೈ ವಿಚಾರ. ಎರಡು ಭಿನ್ನ ಅವ್ಯಕ್ತಗಳನ್ನು ಗುಣಿಸಿದಾಗ ಬರುವುದಕ್ಕೆ ನಮ್ಮ ಪ್ರಾಚೀನರು ‘ಭಾವಿತ’ ಎಂಬ ಪ್ರತ್ಯೇಕ ಹೆಸರನ್ನೇ ಇಟ್ಟಿದ್ದರು. ಅದು ಗುಣಾಕಾರದಿಂದ ಹುಟ್ಟಿದ ಹೊಸ ಜಾತಿ, ಸಂಕಲನದಿಂದ ಹುಟ್ಟತಕ್ಕದ್ದಲ್ಲ. ಒಂದು ಚೌಕದ ಬದಿಯನ್ನೂ ಅದರ ಕ್ಷೇತ್ರಫಲವನ್ನೂ ಕೂಡಿಸಿ ಒಂದೇ ಪದವಾಗಿಸಲು ಬಾರದಿರುವುದೂ ಇದೇ ಕಾರಣದಿಂದ.

ಬಾಗ್ದಾದಿನಲ್ಲಿ ಸುಮಾರು 820ರ ವೇಳೆಗೆ ಅಲ್-ಖ್ವಾರಿಜ್ಮಿ ಬರೆದ ಗ್ರಂಥದ ಹೆಸರಿನಲ್ಲಿಯೇ ‘ಅಲ್-ಜಬ್ರ್’, ‘ಅಲ್-ಮುಕಾಬಲ’ ಎಂಬ ಎರಡು ಕ್ರಿಯೆಗಳಿವೆ. ಮೊದಲನೆಯದರಿಂದ ‘ಆಲ್ಜೀಬ್ರಾ’ ಎಂಬ ಹೆಸರು ಬಂದಿತು. ಎರಡನೆಯದು ಸಮೀಕರಣದ ಎರಡು ಬದಿಗಳಲ್ಲಿರುವ ಸಜಾತಿ ಪದಗಳನ್ನು ಎದುರುಬದುರಾಗಿಟ್ಟು ಕಳೆಯುವ ಕ್ರಿಯೆ. ನಾವಿಂದು ಬರೆಯುವ ಎಕ್ಸ್, ವೈಗಳನ್ನು ರೂಢಿಗೆ ತಂದುದು ಫ್ರಾನ್ಸಿನ ದೆಕಾರ್ತ್, 1637ರಲ್ಲಿ. ಅಕ್ಷರಗಳು ಬದಲಾದವು, ನಿಯಮ ಬದಲಾಗಲಿಲ್ಲ.

ಮಕ್ಕಳನ್ನು ಕಾಡುವ ಇನ್ನೊಂದು ಸಂದೇಹವೆಂದರೆ, ಕೊನೆಯಲ್ಲಿ ಒಂದೇ ಪದ ಉಳಿಯದಿದ್ದರೆ ಲೆಕ್ಕ ಮುಗಿದಿಲ್ಲವೇನೋ ಎಂಬುದು. ಬ್ರಹ್ಮಗುಪ್ತನ ನಿಯಮದ ಉತ್ತರಾರ್ಧ ಅದಕ್ಕೆ ಉತ್ತರ: ಕೂಡದವುಗಳನ್ನು ಬೇರೆಯಾಗಿ ನಿಲ್ಲಿಸಿದ ಮೇಲೆ ಕೆಲಸ ಪೂರ್ಣವಾಯಿತು. ನಿಮ್ಮ ಮನೆಯ ಮಕ್ಕಳು ಈ ಅಧ್ಯಾಯಕ್ಕೆ ಬಂದಾಗ, ನಿಯಮವನ್ನು ಒಪ್ಪಿಸಲು ಹೇಳುವ ಮುನ್ನ ಭಾಸ್ಕರನ ಕುದುರೆಗಳ ಲೆಕ್ಕವನ್ನು ಕೊಟ್ಟು ನೋಡಿರಿ.