ಬಾಗಿಲಿರುವ ಕೋಣೆ: ಆನ್‌ಲೈನ್ ಆಪ್ತಸಮಾಲೋಚನೆಯಲ್ಲಿ ಸ್ಥಳದ ಪ್ರಶ್ನೆ

ಆನ್‌ಲೈನ್ ಆಪ್ತಸಮಾಲೋಚನೆ ಕುರಿತ ಅಧ್ಯಯನಗಳಲ್ಲಿ ಬಹುಪಾಲು ಒಂದೇ ಪ್ರಶ್ನೆಯ ಸುತ್ತ ನಡೆದಿವೆ: ಎದುರುಬದುರು ಕೂತು ಪಡೆಯುವ ಚಿಕಿತ್ಸೆಯಷ್ಟೇ ಫಲವನ್ನು ಪರದೆಯ ಮೂಲಕ ಪಡೆಯುವ ಚಿಕಿತ್ಸೆಯೂ ಕೊಡುತ್ತದೆಯೇ? ಪೆರ್ ಕಾರ್ಲ್‌ಬ್ರಿಂಗ್ ಮತ್ತು ಸಂಗಡಿಗರು 2018ರಲ್ಲಿ 20 ಪ್ರಯೋಗಗಳನ್ನು, ಅಂದರೆ 1,418 ಜನರ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿ, ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ ಎಂದರು. ಆದರೆ ಅವರು ಪರಿಶೀಲಿಸಿದ್ದು ಹೆಚ್ಚಾಗಿ ಅಂತರ್ಜಾಲದಲ್ಲಿ ಪಾಠ ಓದಿ, ಅಭ್ಯಾಸ ಮಾಡಿ, ಚಿಕಿತ್ಸಕರ ಬರಹದ ಉತ್ತರಕ್ಕೆ ಕಾಯುವ ಕ್ರಮವನ್ನು. ವಾರಕ್ಕೊಮ್ಮೆ ಮುಖ ನೋಡುತ್ತಾ ಮಾತಾಡುವ ಕ್ರಮವೇ ಬೇರೆ. ಅದೇ ವರ್ಷ ಪ್ರಕಟವಾದ ನಾರ್‌ವುಡ್ ಮತ್ತು ಸಂಗಡಿಗರ ವಿಮರ್ಶೆ ವಿಡಿಯೊ ಚಿಕಿತ್ಸೆಯನ್ನೇ ನೋಡಿತು. ತೊಂದರೆಯ ಲಕ್ಷಣಗಳು ಇಳಿಯುವುದರಲ್ಲಿ ವಿಡಿಯೊ ಹಿಂದೆ ಬಿದ್ದಿರಲಿಲ್ಲ, ಆದರೆ ಚಿಕಿತ್ಸಕರೊಂದಿಗಿನ ಬಾಂಧವ್ಯ ಮಾತ್ರ ತುಸು ಸಡಿಲವಾಗಿತ್ತು.

ಈ ಸಡಿಲಿಕೆಗೆ ಕಾರಣವನ್ನು ಸಾಮಾನ್ಯವಾಗಿ ಪರದೆಯಲ್ಲಿ ಹುಡುಕುತ್ತಾರೆ. ಕಣ್ಣಿಗೆ ಕಣ್ಣು ಸೇರುವುದಿಲ್ಲ, ದನಿ ತಡವಾಗಿ ಬರುತ್ತದೆ, ಮೈಮಾತು ಕಾಣುವುದಿಲ್ಲ ಎನ್ನುತ್ತಾರೆ. ಇವೆಲ್ಲ ಇರಬಹುದು. ಆದರೆ ನಮ್ಮ ಸಮಾಜದ ಮಟ್ಟಿಗೆ ಪರದೆಗಿಂತ ದೊಡ್ಡ ಪ್ರಶ್ನೆ ಕೋಣೆಯದು ಎಂಬುದು ಈ ಲೇಖನದ ವಾದ. ಸಮಾಲೋಚಕರ ಬಳಿಗೆ ಹೋದಾಗ ಮಾತಾಡುವ ಜಾಗವನ್ನು ಒದಗಿಸುವುದು ಅವರ ಹೊಣೆ: ಮುಚ್ಚಿದ ಬಾಗಿಲು, ಎರಡು ಕುರ್ಚಿ, ಹೊರಗಿನವರಿಗೆ ಕೇಳಿಸದಷ್ಟು ದಪ್ಪದ ಗೋಡೆ. ಆನ್‌ಲೈನ್ ಆದೊಡನೆ ಈ ಹೊಣೆ ಯಾರೂ ಚರ್ಚಿಸದೆಯೇ ನೆರವು ಕೇಳಿ ಬಂದವರ ಹೆಗಲಿಗೆ ಬಿತ್ತು. ಸ್ವಂತ ಕೋಣೆ ಇದ್ದವರಿಗೆ ಅದು ಭಾರವಲ್ಲ, ಇಲ್ಲದವರಿಗೆ ಅದೇ ದೊಡ್ಡ ಅಡ್ಡಿ.

ಇದು ಎಷ್ಟು ತೀವ್ರ ಎಂಬುದು ಒತ್ತಡವನ್ನು ಅಳೆಯುವ ಮಾಪಕಗಳನ್ನೇ ಓದಿದರೆ ತಿಳಿಯುತ್ತದೆ. 1967ರಲ್ಲಿ ಹೋಮ್ಸ್ ಮತ್ತು ರಾಹೆ ಸಿದ್ಧಪಡಿಸಿದ ಪಟ್ಟಿಯಲ್ಲಿ 43 ಜೀವನ ಘಟನೆಗಳಿವೆ. ಸಂಗಾತಿಯ ಸಾವಿಗೆ 100 ಅಂಕ, ಮದುವೆಗೆ 50. ಒಳ್ಳೆಯ ಬದಲಾವಣೆಯೂ ಮನುಷ್ಯನನ್ನು ದಣಿಸುತ್ತದೆ ಎಂಬ ಒಳನೋಟಕ್ಕೆ ಆ ಪಟ್ಟಿ ಅಂಕೆಯ ರೂಪ ಕೊಟ್ಟಿತು. ಗುರ್ಮೀತ್ ಸಿಂಗ್ ಮತ್ತು ಸಂಗಡಿಗರು 1984ರಲ್ಲಿ ಭಾರತೀಯರಿಗಾಗಿ ರೂಪಿಸಿದ ಮಾಪಕದಲ್ಲಿ 51 ಘಟನೆಗಳಿವೆ, ಮತ್ತು ಪಟ್ಟಿಯ ಚಹರೆಯೇ ಬದಲಾಗಿದೆ. ವರದಕ್ಷಿಣೆಯ ಜಗಳ, ಅತ್ತೆಮನೆಯವರೊಂದಿಗಿನ ವೈಮನಸ್ಯ, ಮಕ್ಕಳಿಲ್ಲದಿರುವುದು, ಗಂಡುಮಗುವಿಲ್ಲದಿರುವುದು, ಮಗಳ ಅಥವಾ ತಂಗಿಯ ಮದುವೆ, ಬೆಳೆಹಾನಿ ಎಲ್ಲ ಅದರೊಳಗೆ ಬಂದಿವೆ. ಇವುಗಳಲ್ಲಿ ಹೆಚ್ಚಿನವು ಮನೆಯೊಳಗಿನ ಸಂಗತಿಗಳು. ಯಾರ ಬಗ್ಗೆ ಮಾತಾಡಬೇಕಿದೆಯೋ ಅವರೇ ಗೋಡೆಯಾಚೆ ಕೂತಿರುತ್ತಾರೆ. ಹೀಗಾಗಿ ಮನೆಯಿಂದಲೇ ಸಮಾಲೋಚನೆ ಪಡೆಯಿರಿ ಎಂಬ ಅನುಕೂಲದ ಮಾತು, ಯಾರಿಗೆ ಅದು ಹೆಚ್ಚು ಬೇಕೋ ಅವರಿಗೇ ಕಡಿಮೆ ದಕ್ಕುತ್ತದೆ.

ಒಂದು ಸನ್ನಿವೇಶವನ್ನು ಹತ್ತಿರದಿಂದ ನೋಡೋಣ. ಇದು ಯಾರೊಬ್ಬರ ಕಥೆಯಲ್ಲ, ವಾದಕ್ಕಾಗಿ ಕಟ್ಟಿಕೊಂಡದ್ದು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ವರ್ಗವಾಗಿ ಬಂದ ಬ್ಯಾಂಕ್ ಉದ್ಯೋಗಿ ಹೆಣ್ಣುಮಗಳು. ಎರಡು ಕೋಣೆಯ ಬಾಡಿಗೆ ಮನೆ, ಜೊತೆಗೆ ಅತ್ತೆ. ಮಗುವಿಗೆ ಹೊಸ ಶಾಲೆ ಒಗ್ಗಿಲ್ಲ, ತನಗೆ ರಾತ್ರಿ ನಿದ್ದೆ ಹತ್ತುತ್ತಿಲ್ಲ. ವಿಡಿಯೊ ಶುರುವಾದೊಡನೆ ಸಮಾಲೋಚಕಿ ಕೇಳುತ್ತಾರೆ: “ಈಗ ಎಲ್ಲಿ ಕೂತಿದ್ದೀರಿ? ಪಕ್ಕದಲ್ಲಿ ಯಾರಾದರೂ ಇದ್ದಾರಾ? ಕಾಲ್ ಕಟ್ ಆದರೆ ಯಾವ ನಂಬರಿಗೆ ಮಾಡಲಿ?” “ಪರವಾಗಿಲ್ಲ ಮೇಡಂ, ಬಾಗಿಲು ಮುಂದೆ ಮಾಡಿಕೊಂಡಿದ್ದೇನೆ” ಎನ್ನುತ್ತಾಳೆ ಈಕೆ. ಚಿಲಕ ಹಾಕಿದರೆ ಯಾಕೆ ಹಾಕಿದೆ ಎಂಬ ಪ್ರಶ್ನೆ ಬರುತ್ತದೆ. ಮೊದಲ ಇಪ್ಪತ್ತು ನಿಮಿಷ ಮಾತೆಲ್ಲ ಆಫೀಸಿನ ಟಾರ್ಗೆಟ್ಟು, ಟ್ರಾಫಿಕ್ಕು, ಶಾಲೆಯ ಫೀಸು. ಅಷ್ಟರಲ್ಲಿ ಬಾಗಿಲು ಸರಿದು, “ಚಾ ಮಾಡೀನಿ, ತರ್ಲೇನು?” ಎಂಬ ದನಿ. ಅಲ್ಲಿಂದಾಚೆ ಉತ್ತರಗಳು ಹೂಂ, ಹಾಂಗಳಿಗೆ ಇಳಿಯುತ್ತವೆ. ಮುಂದಿನ ವಾರ ಆಕೆ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಕಾರಿನೊಳಗೆ ಕೂತು ಕರೆ ಮಾಡುತ್ತಾಳೆ. ಸಿಗ್ನಲ್ ಸಾಲದೆ ಚಿತ್ರ ನಿಂತುಹೋಗುತ್ತದೆ, ದನಿ ಮಾತ್ರ ಉಳಿಯುತ್ತದೆ. ಅತ್ತೆಯ ಹೆಸರು ಮೊದಲ ಸಲ ಬರುವುದು ಆ ದಿನ. ತಾಂತ್ರಿಕ ಗುಣಮಟ್ಟವನ್ನಷ್ಟೇ ಅಳೆಯುವ ಅಧ್ಯಯನ ಈ ಎರಡನೆಯ ಭೇಟಿಗೆ ಕಡಿಮೆ ಅಂಕ ಕೊಡುತ್ತದೆ.

ಚಿಕಿತ್ಸಕ ಬಾಂಧವ್ಯಕ್ಕೆ ಮೂರು ಅಂಗಗಳಿವೆ ಎಂದು ಎಡ್ವರ್ಡ್ ಬೋರ್ಡಿನ್ 1979ರಲ್ಲಿ ವಿವರಿಸಿದ್ದರು: ಗುರಿಯ ಬಗ್ಗೆ ಒಪ್ಪಂದ, ಮಾಡಬೇಕಾದ ಕೆಲಸದ ಬಗ್ಗೆ ಒಪ್ಪಂದ, ಇಬ್ಬರ ನಡುವಿನ ನಂಟು. ಕದ್ದು ಕೇಳುವ ಕಿವಿಯ ಭಯವಿದ್ದಲ್ಲಿ ಮೊದಲನೆಯದೇ ಕೆಡುತ್ತದೆ, ಏಕೆಂದರೆ ನಿಜವಾದ ಗುರಿಯನ್ನು ಬಾಯಿಬಿಟ್ಟು ಹೇಳಲಾಗುವುದಿಲ್ಲ. ಪರದೆ ಮಾತನ್ನು ಬಿಚ್ಚಿಸುವುದೂ ಉಂಟು. ಎದುರಿಗೆ ಹೇಳಲಾರದ್ದನ್ನು ಅಂತರ್ಜಾಲದಲ್ಲಿ ಜನ ಹೇಳಿಕೊಳ್ಳುತ್ತಾರೆಂದು ಜಾನ್ ಸುಲರ್ 2004ರಲ್ಲೇ ತೋರಿಸಿದ್ದರು. ಆ ಬಿಡುವು ಏಕಾಂತದಲ್ಲಿ ಕೂತವರಿಗೆ ಸಿಗುವಂಥದ್ದು ಎಂದು ನನಗನ್ನಿಸುತ್ತದೆ.

ಕಾನೂನಿನ ಗಮನ ಬೇರೆಡೆ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೋಪ್ಯತೆಯನ್ನು ಹಕ್ಕಾಗಿ ಕೊಟ್ಟಿದೆ. 2020ರ ಮಾರ್ಚ್‌ನ ಟೆಲಿಮೆಡಿಸಿನ್ ಮಾರ್ಗಸೂಚಿ ಅನ್ವಯಿಸುವುದು ನೋಂದಾಯಿತ ವೈದ್ಯರಿಗೆ. ಆಪ್ತಸಮಾಲೋಚಕರು ಅದರ ಹೊರಗೆ. ದತ್ತಾಂಶ ಸೋರಿಕೆಯ ಆತಂಕ ನಿಜವೇ: ಬಳಕೆದಾರರ ಮಾಹಿತಿಯನ್ನು ಜಾಹೀರಾತಿಗಾಗಿ ಹಂಚಿಕೊಂಡ ಆರೋಪದಲ್ಲಿ ಆನ್‌ಲೈನ್ ಆಪ್ತಸಮಾಲೋಚನೆ ಒದಗಿಸುವ ಬೆಟರ್‌ಹೆಲ್ಪ್ ಸಂಸ್ಥೆ 78 ಲಕ್ಷ ಡಾಲರ್ ತೆರಬೇಕೆಂದು ಅಮೆರಿಕದ ವ್ಯಾಪಾರ ಆಯೋಗ 2023ರಲ್ಲಿ ಆದೇಶಿಸಿತು. ಅದೇ ವರ್ಷ ಬಂದ ನಮ್ಮ ದತ್ತಾಂಶ ಸಂರಕ್ಷಣಾ ಕಾಯ್ದೆ ಕಂಪನಿಗಳನ್ನು ಕಟ್ಟಿಹಾಕಲು ಹೊರಟಿದೆ, ಆದರೆ ವ್ಯಕ್ತಿಗಳ ಮನೆವಾರ್ತೆಯ ಬಳಕೆಯನ್ನು ಹೊರಗಿಟ್ಟಿದೆ. ಹೊಸ್ತಿಲೊಳಗೆ ಫೋನಿನ ಕರೆಪಟ್ಟಿ ತೆಗೆದು ನೋಡುವ ಗಂಡನಿಗೆ ಅದು ತಟ್ಟುವುದಿಲ್ಲ.

ನಿಮ್ಹಾನ್ಸ್ ಮುಂದಾಳತ್ವದಲ್ಲಿ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮನಸ್ ದೂರವಾಣಿ ಸೇವೆ (14416) ಕನ್ನಡದಲ್ಲೂ ಉಚಿತವಾಗಿ ಸಿಗುತ್ತದೆ. ಇದು ಸಣ್ಣ ಸಾಧನೆಯಲ್ಲ. ಆದರೆ ಇಡೀ ಮನೆಗೆ ಒಂದೇ ಮೊಬೈಲ್ ಇರುವಲ್ಲಿ ಆ ಕರೆಯನ್ನು ಎಲ್ಲಿ ನಿಂತು ಮಾಡುವುದು? ಇಲ್ಲಿ 1980ರ ದಶಕದ ಬಳ್ಳಾರಿ ಪ್ರಯೋಗವನ್ನು ನೆನೆಯಬೇಕು. ಅದು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು ಮನೋಚಿಕಿತ್ಸೆಯನ್ನು ಊರಿನ ಹತ್ತಿರಕ್ಕೆ ತಂದಿತು. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಹತ್ತಿರ ತಂದಿತೇ ಹೊರತು ಮನೆಯೊಳಗೆ ತರಲಿಲ್ಲ. ಆನ್‌ಲೈನ್ ಸೇವೆಗೂ ಅಂಥ ನಡುವಿನ ಜಾಗ ಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರ ಅದಕ್ಕೆ ಹೇಳಿಮಾಡಿಸಿದ ತಾಣ. ಜ್ವರಕ್ಕೋ ಬಿಪಿಗೋ ಹೋಗಿಬಂದೆ ಎಂದರೆ ಯಾರೂ ಮತ್ತೆ ಕೇಳುವುದಿಲ್ಲ. ಅಲ್ಲಿ ಒಂದು ಸಣ್ಣ ಕೋಣೆ, ಒಳಗಿನಿಂದ ಚಿಲಕ, ಒಂದು ಟ್ಯಾಬ್, ಒಂದು ಹೆಡ್‌ಫೋನ್, ವಾರದಲ್ಲಿ ಗೊತ್ತುಪಡಿಸಿದ ಒಂದು ಮಧ್ಯಾಹ್ನ ಸಾಕು. ಜೊತೆಗೆ ಸಂಶೋಧಕರು ಒಂದೇ ಸಮಾಲೋಚಕರ ಬಳಿ ಒಬ್ಬರೇ ವ್ಯಕ್ತಿ ಮನೆಯಿಂದ ಆಡಿದ ಮಾತನ್ನೂ ಈ ಕೋಣೆಯಿಂದ ಆಡಿದ ಮಾತನ್ನೂ ಹೋಲಿಸಿ ನೋಡಬೇಕು. ಬಾಂಧವ್ಯದ ಮಾಪಕದಲ್ಲಿ ಯಾರು ಪಕ್ಕದಲ್ಲಿದ್ದರು ಎಂಬ ಒಂದು ಪ್ರಶ್ನೆಯನ್ನೂ ಸೇರಿಸಬೇಕು.